ಪೈಪ್ ಅಂಗಡಿಯವನ ಆಂಜಿಯೋಗ್ರಾಂ

ಮೊದಲು ನಾನು ಹೋಗಿದ್ದು ಹಲ್ಲಿನ ಡಾಕ್ಟರ ಹತ್ತಿರ.

ಅರಸೀಕೆರೆಯಲ್ಲಿ ನನ್ನದೊಂದು ಅಂಗಡಿ ಇದೆ. ಪಂಪ್‌ಸೆಟ್, ಪಿವಿಸಿ ಪೈಪು, ಡ್ರಿಪ್ ಸಾಮಾನು. ವಯಸ್ಸು 52. 2025ರ ಮೇ ತಿಂಗಳಲ್ಲಿ, ಮಧ್ಯಾಹ್ನ ಊಟ ಮುಗಿಸಿ ಮನೆಯಿಂದ ಅಂಗಡಿಗೆ ನಡೆದು ಬರುವಾಗ, ದಾರಿಯ ಏರಿನಲ್ಲಿ ಕೆಳಸಾಲಿನ ಹಲ್ಲುಗಳು ಜುಮುಜುಮು ಅನ್ನಲು ಶುರುವಾಯಿತು. ಹುಳುಕು ಹಲ್ಲಿನ ನೋವಲ್ಲ. ದವಡೆಯನ್ನು ಯಾರೋ ಮೆಲ್ಲಗೆ ಹಿಡಿದು ಹಿಂಡಿದ ಹಾಗೆ. ಅಂಗಡಿ ಮುಟ್ಟಿ ಕುರ್ಚಿಯಲ್ಲಿ ಕೂತರೆ ಎರಡು ನಿಮಿಷದಲ್ಲಿ ಮಾಯ. ಕೂತರೆ ಹೋಗುವ ಹಲ್ಲುನೋವು ಯಾವ ಸೀಮೆಯದು ಎಂದು ಆಗ ಯೋಚಿಸಲಿಲ್ಲ. ಹಲ್ಲಿನ ಡಾಕ್ಟರು ಎಕ್ಸ್‌ರೇ ತೆಗೆದು, ತಟ್ಟಿ ಕುಟ್ಟಿ ನೋಡಿ, "ಹಲ್ಲು ಕಲ್ಲಿನ ಹಾಗಿದೆ" ಎಂದು ಕಳಿಸಿದರು.

ಜೂನ್‌ನಲ್ಲಿ ಅದು ಎದೆಗೆ ಇಳಿಯಿತು. ನೋವು ಅನ್ನುವಂತಿಲ್ಲ. ಎದೆಯ ನಡುವೆ ಒಂದು ಬಿಗಿತ, ಮೇಲೆ ಮೂಟೆ ಇಟ್ಟ ಹಾಗೆ. ನಮ್ಮ ಮನೆಯಲ್ಲಿ ಎದೆಯಲ್ಲಿ ಏನಾದರೂ ಅದು ಗ್ಯಾಸು. ಈನೋ ಕುಡಿದೆ, ಜೀರಿಗೆ ಕಷಾಯ ಕುಡಿದೆ, ರಾತ್ರಿ ಮುದ್ದೆ ಬಿಟ್ಟು ಚಪಾತಿ ಮಾಡಿಸಿಕೊಂಡೆ. ಏರು ಕಂಡಾಗ ಬರುವುದು, ನಿಂತಾಗ ಹೋಗುವುದು ಮಾತ್ರ ಬಿಡಲಿಲ್ಲ. ಊರಿನ ಒಬ್ಬ ಡಾಕ್ಟರ ಹತ್ತಿರ ಇಸಿಜಿ ಮಾಡಿಸಿದೆ. ನಾರ್ಮಲ್. ಹದಿನೈದು ದಿನಕ್ಕೆ ಗ್ಯಾಸ್ ಮಾತ್ರೆ ಬರೆದುಕೊಟ್ಟರು. ಆ ಇಸಿಜಿ ಕಾಗದವನ್ನು ಹೆಂಡತಿಗೆ ತೋರಿಸಿ "ನೋಡು, ಏನೂ ಇಲ್ಲ" ಎಂದು ಬೀಗಿದೆ, ಎಸ್ಸೆಸ್ಸೆಲ್ಸಿ ಪಾಸಾದ ಹುಡುಗನ ಹಾಗೆ.

ಅಷ್ಟೊತ್ತಿಗೆ ನಮ್ಮ ಹಾಸನ ಜಿಲ್ಲೆಯಲ್ಲಿ ಭಯದ ಗಾಳಿ ಎದ್ದಿತ್ತು. ಟಿವಿ ಹಾಕಿದರೆ ಹೃದಯಾಘಾತ, ಮೊಬೈಲ್ ತೆಗೆದರೆ ಹೃದಯಾಘಾತ. ಸತ್ತವರಲ್ಲಿ ಚಿಕ್ಕ ವಯಸ್ಸಿನವರೂ ಇದ್ದರು. ಸರ್ಕಾರ ಜಯದೇವ ಸಂಸ್ಥೆಯ ನಿರ್ದೇಶಕರ ನೇತೃತ್ವದಲ್ಲಿ ಸಮಿತಿ ಮಾಡಿತು. ಕೋವಿಡ್ ಲಸಿಕೆಗೂ ಈ ಸಾವುಗಳಿಗೂ ಸಂಬಂಧ ಕಾಣಲಿಲ್ಲ ಎಂದು ಆಮೇಲೆ ವರದಿ ಬಂತು. ಅದಕ್ಕೆ ಮೊದಲೇ ಜನ ನಸುಕಿಗೇ ಎದ್ದು ಮೈಸೂರು, ಬೆಂಗಳೂರಿನ ಹೃದಯದ ಆಸ್ಪತ್ರೆಗಳ ಮುಂದೆ ಸಾಲು ನಿಂತಿದ್ದರು. 2021ರಲ್ಲಿ ಪುನೀತ್ ರಾಜ್‌ಕುಮಾರ್ 46ನೇ ವಯಸ್ಸಿಗೇ ಹೋದಾಗಲೂ ಹೀಗೇ ಆಗಿತ್ತು. ನಾನು ಅಂಗಡಿಯಲ್ಲಿ ಕೂತು "ಎಲ್ಲ ಟಿವಿಯವರ ಆಟ, ಸುಮ್ನೆ ಹೆದರಿಸ್ತಾರೆ" ಎಂದು ಗಿರಾಕಿಗಳಿಗೆ ಧೈರ್ಯ ಹೇಳುತ್ತಿದ್ದೆ. ಎದೆ ಬಿಗಿಯುತ್ತಿದ್ದುದು ನನ್ನದೇ.

ಜುಲೈನಲ್ಲಿ ಮಾಲೇಕಲ್ಲು ತಿರುಪತಿಯ ಆಷಾಢದ ಜಾತ್ರೆ. ವರ್ಷಾ ವರ್ಷ ಬೆಟ್ಟ ಹತ್ತುವುದು ನಮ್ಮ ಮನೆಯ ರೂಢಿ. ಈ ಸಲ ಮೂರನೇ ಒಂದು ಭಾಗ ಹತ್ತುವಷ್ಟರಲ್ಲಿ ಮೊದಲು ಹಲ್ಲು, ಆಮೇಲೆ ಎದೆ, ಆಮೇಲೆ ಎಡಗೈ ಒಳಭಾಗ. ಮೆಟ್ಟಿಲ ಮೇಲೆ ಕೂತುಬಿಟ್ಟೆ. ಎಂಬತ್ತು ದಾಟಿದ ಅಜ್ಜಿಯೊಂದು ನನ್ನನ್ನು ದಾಟಿಕೊಂಡು ಗೋವಿಂದಾ ಎನ್ನುತ್ತಾ ಮೇಲೆ ಹೋಯಿತು. ಮುಂದೆ ಹೋಗಿದ್ದ ನನ್ನ ಹೆಂಡತಿ ಹಿಂದೆ ತಿರುಗಿ ಬಂದು, "ರೀ, ಯಾಕ್ರೀ ಇಷ್ಟು ಬೆವರಿದ್ದೀರಿ?" ಎಂದಳು. ಆಮೇಲೆ ಅವಳು ಇನ್ನೇನೂ ಕೇಳಲಿಲ್ಲ. ಅಲ್ಲೇ ನಿಂತು ಮೈಸೂರಿನಲ್ಲಿರುವ ಮಗಳಿಗೆ ಫೋನು ಮಾಡಿದಳು.

ಎಲ್ಲ ಮುಗಿದ ಮೇಲೆ ಓದಿ ತಿಳಿದ ಒಂದು ಸಂಗತಿ ಇಲ್ಲೇ ಹೇಳಿಬಿಡುತ್ತೇನೆ. 1768ರಲ್ಲಿ ಲಂಡನ್ನಿನ ವಿಲಿಯಂ ಹೆಬರ್ಡೆನ್ ಎಂಬ ವೈದ್ಯ ಈ ಎದೆಬಿಗಿತದ ಬಗ್ಗೆ ಒಂದು ಉಪನ್ಯಾಸ ಕೊಟ್ಟಿದ್ದ. ನಡೆಯುವಾಗ ಬರುತ್ತದೆ, ಅದರಲ್ಲೂ ಏರು ಹತ್ತುವಾಗ, ಅದರಲ್ಲೂ ಊಟವಾದ ಮೇಲೆ. ನಿಂತ ಕೂಡಲೇ ಹೋಗುತ್ತದೆ. ಆಂಜೈನಾ ಎಂದು ಅದಕ್ಕೆ ಹೆಸರಿಟ್ಟವನೂ ಅವನೇ. ಇಸಿಜಿ ಇಲ್ಲ, ಎಕ್ಸ್‌ರೇ ಇಲ್ಲ, ರೋಗಿಗಳ ಮಾತು ಕೇಳಿಯೇ ಬರೆದದ್ದು. ನಾನು ಎರಡು ತಿಂಗಳು ಹಲ್ಲು ತೋರಿಸಿ, ಈನೋ ಕುಡಿದು ಕಂಡುಹಿಡಿಯಲಾಗದ್ದು.

ಎರಡು ದಿನ ಬಿಟ್ಟು ಬೆಳಿಗ್ಗೆಯ ರೈಲಿಗೆ ಮೈಸೂರಿಗೆ ಹೊರಟೆವು. ಆಸ್ಪತ್ರೆಯಲ್ಲಿ ಸಾಲು ಬೀದಿಗೆ ಬಂದಿತ್ತು. ಅರ್ಧ ಜನ ನಮ್ಮ ಜಿಲ್ಲೆಯವರೇ. ಮಧ್ಯಾಹ್ನ ಮೂರಕ್ಕೆ ನನ್ನ ಸರದಿ ಬಂತು. ಡಾಕ್ಟರು ಹೆಣ್ಣುಮಗಳು, ಮೂವತ್ತೈದರ ಆಸುಪಾಸು, ಮಾತು ಕೇಳಿದರೆ ಹುಬ್ಬಳ್ಳಿ ಕಡೆಯವರು. ಅಷ್ಟು ಜನ ನೋಡಿದ ಮೇಲೂ ಅವರ ದನಿಯಲ್ಲಿ ಸಿಡುಕಿರಲಿಲ್ಲ. ನನ್ನ ನಾರ್ಮಲ್ ಇಸಿಜಿಯನ್ನು ಮುಂದಿಟ್ಟೆ. ಪಕ್ಕಕ್ಕೆ ಸರಿಸಿದರು. "ಇದನ್ನ ಮಲಗಿಸಿ ತೆಗ್ದಾರಲ್ರಿ ಸರ್. ನಿಮಗ ತ್ರಾಸ ಆಗೋದು ನಡಿಯುವಾಗ. ನಡಿಸೇ ನೋಡೂಣು."

ಟಿಎಂಟಿ ಎಂದರೆ ಅದೇ. ಎದೆಗೆ ತಂತಿ ಅಂಟಿಸಿ ಓಡುವ ಪಟ್ಟಿಯ ಮೇಲೆ ನಡೆಸುತ್ತಾರೆ. ಮೊದಲ ಮೂರು ನಿಮಿಷ ಗಂಟೆಗೆ 2.7 ಕಿಲೋಮೀಟರ್ ವೇಗ, ಆಮೇಲೆ 4, ಏರೂ ಜಾಸ್ತಿಯಾಗುತ್ತಾ ಹೋಗುತ್ತದೆ. ಐದು ನಿಮಿಷ ಇಪ್ಪತ್ತು ಸೆಕೆಂಡಿಗೆ ನಿಲ್ಲಿಸಿದರು. ನನಗೆ ಹಲ್ಲು ಜುಮ್ಮೆನ್ನಲು ಆಗಷ್ಟೇ ಶುರುವಾಗಿತ್ತು. ಅದಕ್ಕೂ ಮೊದಲೇ ಪರದೆಯ ಮೇಲಿನ ಗೆರೆ ಕೆಳಗೆ ಜಗ್ಗಿತ್ತಂತೆ.

ಹಾಗಾದರೆ ಮಲಗಿದಾಗ ಯಾಕೆ ನಾರ್ಮಲ್? ಇದನ್ನು ಅವರು ಚೀಟಿಯ ಹಿಂದೆ ಚಿತ್ರ ಬರೆದು ತೋರಿಸಿದರು. ನನ್ನ ಅಂಗಡಿ ಯಾವುದೆಂದು ಕೇಳಿದ ಮೇಲೆ ಅವರಿಗೂ ಹುರುಪು ಬಂದಂತಿತ್ತು.

ಹೃದಯ ಒಂದು ಪಂಪು. ಸುಮ್ಮನೆ ಕೂತಾಗ ನಿಮಿಷಕ್ಕೆ ಸುಮಾರು 5 ಲೀಟರ್ ದೂಡುತ್ತದೆ. ದಿನಕ್ಕೆ 7,200 ಲೀಟರ್, ಅಂದರೆ ಸಾವಿರ ಲೀಟರಿನ ಸಿಂಟೆಕ್ಸ್ ಏಳು ತುಂಬುವಷ್ಟು. ಆ ರಾತ್ರಿ ಮಗಳ ಮನೆಯಲ್ಲಿ ನಾನು ಲೆಕ್ಕ ಹಾಕಿ ನೋಡಿದೆ. ಬಿಪಿ 120 ಅಂದರೆ ನಮ್ಮ ಭಾಷೆಯಲ್ಲಿ ಬರೀ 5.3 ಅಡಿ ಹೆಡ್, ನೀರನ್ನು ಅಷ್ಟು ಎತ್ತರಕ್ಕೆ ಏರಿಸುವ ಒತ್ತಡ! ಐನೂರು ಅಡಿ ಬೋರಿಗೆ ಮೋಟ್ರು ಇಳಿಸುವವನಿಗೆ ಇದು ನಗು ತರಿಸುವ ಲೆಕ್ಕ. ಆದರೆ ನಮ್ಮ ಯಾವ ಮೋಟ್ರೂ ಒಂದು ಕ್ಷಣ ಆಫ್ ಆಗದೆ ಐವತ್ತು ವರ್ಷ ಓಡಿದ್ದು ನಾನು ಕಂಡಿಲ್ಲ.

ಈ ಪಂಪಿಗೂ ಊಟ ಬೇಕಲ್ಲ. ಅದರ ಒಳಗೇ ಸದಾ ರಕ್ತ ತುಂಬಿರುತ್ತದೆ, ಆದರೆ ಅದನ್ನು ನೇರ ಹೀರಿಕೊಳ್ಳಲು ದಪ್ಪ ಗೋಡೆಗೆ ಆಗುವುದಿಲ್ಲ. ಮಹಾಪಧಮನಿಯ ಬುಡದಲ್ಲೇ ಎರಡು ಸಣ್ಣ ಕವಲು ಒಡೆಯುತ್ತವೆ. ಅವೇ ಕರೋನರಿ ನಾಳಗಳು. ಮೂರು, ನಾಲ್ಕು ಮಿಲಿಮೀಟರ್ ಅಗಲ. ನಮ್ಮ ಡ್ರಿಪ್ಪಿನಲ್ಲಿ ಮೈಕ್ರೋಟ್ಯೂಬ್ ಅಂತ ಮಾರುತ್ತೇವಲ್ಲ, ಹೆಚ್ಚುಕಡಿಮೆ ಅಷ್ಟು. ಎಡಗಡೆಯದು ಬೇಗ ಎರಡಾಗಿ ಒಂದು ಮುಂಭಾಗಕ್ಕೆ, ಒಂದು ಸುತ್ತಿಕೊಂಡು ಹಿಂದಕ್ಕೆ ಹೋಗುತ್ತದೆ. ಮುಂಭಾಗದ್ದನ್ನು ಎಲ್‌ಎಡಿ ಅನ್ನುತ್ತಾರೆ. ಬಲಗಡೆಯದು ಇನ್ನೊಂದು.

ಆಶ್ಚರ್ಯವಾಗಿದ್ದು ಮುಂದಿನದು. ಹೃದಯ ಹಿಂಡಿಕೊಂಡಾಗ ದೇಹಕ್ಕೆಲ್ಲ ರಕ್ತ ಹೋಗುತ್ತದೆ. ಆದರೆ ಅದೇ ಹಿಂಡಿಗೆ ಗೋಡೆಯೊಳಗಿನ ಅದರ ಸ್ವಂತ ನಾಳಗಳೂ ಅಮುಕಿಹೋಗುತ್ತವೆ. ಹಾಗಾಗಿ ಎಡಭಾಗದ ಮಾಂಸಖಂಡಕ್ಕೆ ಹೆಚ್ಚಿನ ರಕ್ತ ಸಿಗುವುದು ಅದು ಸಡಿಲಾದಾಗ, ಎರಡು ಬಡಿತಗಳ ನಡುವಿನ ವಿರಾಮದಲ್ಲಿ. ಎಲ್ಲರಿಗೂ ಬಡಿಸಿ ಕೊನೆಗೆ ಅಡುಗೆಮನೆಯಲ್ಲಿ ತಾನು ಕೂರುವ ನಮ್ಮಮ್ಮನ ಹಾಗೆ. ಬೆಟ್ಟ ಹತ್ತುವಾಗ ಬಡಿತ ಜಾಸ್ತಿಯಾಗುತ್ತದೆ, ಕೆಲಸ ಜಾಸ್ತಿ, ಹಸಿವು ಜಾಸ್ತಿ. ಆದರೆ ಊಟಕ್ಕೆ ಕೂರುವ ಹೊತ್ತೇ ಕಮ್ಮಿಯಾಗುತ್ತದೆ.

ಇನ್ನೊಂದು ಇಕ್ಕಟ್ಟು. ದೇಹದ ಬೇರೆ ಭಾಗಗಳು ಒಟ್ಟಾರೆ ತಮಗೆ ಬಂದ ಆಮ್ಲಜನಕದಲ್ಲಿ ಕಾಲು ಭಾಗ ಮಾತ್ರ ಬಳಸುತ್ತವೆ, ಅಗತ್ಯ ಬಿದ್ದರೆ ಇನ್ನಷ್ಟು ಹೀರಬಹುದು. ಹೃದಯ ಸುಮ್ಮನಿದ್ದಾಗಲೇ 70 ಭಾಗಕ್ಕೂ ಹೆಚ್ಚು ಹೀರಿಬಿಟ್ಟಿರುತ್ತದೆ. ಹೆಚ್ಚು ಬೇಕೆಂದರೆ ಹೆಚ್ಚು ರಕ್ತವೇ ಬರಬೇಕು. ಆರೋಗ್ಯವಾಗಿದ್ದರೆ ಹರಿವು ನಾಲ್ಕು ಪಟ್ಟು ಏರುತ್ತದೆ. ದೊಡ್ಡ ನಾಳದಲ್ಲಿ ಅಡ್ಡ ಬಂದರೆ ಕೆಳಗಿನ ಸಣ್ಣ ನಾಳಗಳು ಮೊದಲೇ ಬಾಯಿ ಅಗಲಿಸಿಕೊಂಡು, ಕೂತ ಹೊತ್ತಿನ ಖರ್ಚನ್ನು ಹೇಗೋ ಸರಿದೂಗಿಸುತ್ತವೆ. ಆದರೆ ಏರು ಬಂದಾಗ ಇನ್ನೂ ಅಗಲಿಸಲು ಅವಕ್ಕೆ ಏನೂ ಉಳಿದಿರುವುದಿಲ್ಲ. ನನ್ನ ಇಸಿಜಿ ಸುಳ್ಳು ಹೇಳಿರಲಿಲ್ಲ. ಮಲಗಿದವನ ಸತ್ಯ ಹೇಳಿತ್ತು.

ಹಲ್ಲಿನ ವಿಷಯ ಕೇಳಿದೆ. ಹೃದಯದ ನರಗಳೂ ದವಡೆ, ತೋಳಿನ ನರಗಳೂ ಸುದ್ದಿ ಹೊತ್ತು ಹೋಗುವ ದಾರಿಯಲ್ಲಿ ಕೂಡಿಕೊಳ್ಳುತ್ತವಂತೆ. ಮಿದುಳಿಗೆ ಸುದ್ದಿ ಯಾವ ಮನೆಯಿಂದ ಬಂತು ಎಂದು ಗೊತ್ತಾಗದೆ ಹಲ್ಲಿನ ಮೇಲೆ ಹಾಕುತ್ತದೆ.

ನಾಲಿಗೆ ಕೆಳಗೆ ಇಡುವ ಸಾರ್ಬಿಟ್ರೇಟ್, ಆಸ್ಪಿರಿನ್, ಕೊಬ್ಬಿನ ಮಾತ್ರೆ ಕೊಟ್ಟು, ಬೆಟ್ಟಗಿಟ್ಟ ಹತ್ತಬೇಡಿ ಎಂದು ಹೇಳಿ, ಎರಡು ದಿನ ಬಿಟ್ಟು ಆಂಜಿಯೋಗ್ರಾಂಗೆ ಬರಲು ಹೇಳಿದರು. ಹೃದಯದ ನಾಳದವರೆಗೆ ಸಣ್ಣ ಕೊಳವೆ ಬಿಟ್ಟು ಎಕ್ಸ್‌ರೇಯಲ್ಲಿ ನೋಡುವ ಪರೀಕ್ಷೆ ಅದು. ಆ ಎರಡು ದಿನ ಮೊಬೈಲಿಗೆ ಬಂದ ಮದ್ದುಗಳಿಗೆ ಲೆಕ್ಕವಿಲ್ಲ. ಬೆಳ್ಳುಳ್ಳಿ ರಸ, ಶುಂಠಿ ರಸ, ನಿಂಬೆರಸ, ಆಪಲ್ ಸೈಡರ್ ವಿನೆಗರ್ ಕಾಯಿಸಿ ಜೇನು ಬೆರೆಸಿ ಕುಡಿದರೆ ಬ್ಲಾಕ್ ಕರಗುತ್ತದೆ ಎಂಬ ಸಂದೇಶವೇ ಹನ್ನೊಂದು ಜನರಿಂದ ಬಂತು. ನಿಜ ಹೇಳಬೇಕೆಂದರೆ ನನಗೂ ಆಸೆಯಾಯಿತು. ಡ್ರಿಪ್ ಪೈಪಿನಲ್ಲಿ ಉಪ್ಪು ಕಟ್ಟಿಕೊಂಡರೆ ನಾವೇ ಆಸಿಡ್ ಬಿಟ್ಟು ತೊಳೆಸುತ್ತೇವಲ್ಲ.

ಆಂಜಿಯೋಗ್ರಾಂ ದಿನ ಬೆಳಿಗ್ಗೆ ರಕ್ತ ತೆಗೆದರು, ಬಲ ಮಣಿಕಟ್ಟಿನ ಕೂದಲು ಬೋಳಿಸಿದರು, ಹತ್ತಾರು ಕಡೆ ಸಹಿ ಹಾಕಿಸಿಕೊಂಡರು. ಕ್ಯಾಥ್‌ಲ್ಯಾಬ್ ಎಂಬ ಕೋಣೆ ಸಿನಿಮಾದಲ್ಲಿ ತೋರಿಸುವ ಆಪರೇಷನ್ ಥಿಯೇಟರಿನ ಹಾಗಿಲ್ಲ. ಹಾಲಿನ ಡೇರಿಯ ಹಾಗೆ ತಣ್ಣಗಿದೆ. ಅಡ್ಡ ಮಂಚ, ಮೇಲೆ ತಿರುಗುವ ದೊಡ್ಡ ಕ್ಯಾಮೆರಾ, ಎಡಗಡೆ ಪರದೆ. ತೊಡೆ ಸಂದಿನಿಂದ ಬಿಡುತ್ತಾರೆ ಎಂದುಕೊಂಡಿದ್ದೆ, ಈಗ ಬಹುಪಾಲು ಮಣಿಕಟ್ಟಿನಿಂದಲೇ. ಎಚ್ಚರ ತಪ್ಪಿಸುವುದಿಲ್ಲ. ಮಣಿಕಟ್ಟಿಗೆ ಮರಗಟ್ಟಿಸುವ ಸೂಜಿ, ಕೆಂಜಿಗ ಕಚ್ಚಿದಷ್ಟು. ಆಮೇಲೆ ನಾಳ ಬಿಗಿದುಕೊಳ್ಳದಿರಲಿ ಎಂದು ಒಂದು ಔಷಧಿ ಬಿಟ್ಟರು. ಅದು ಮಾತ್ರ ಮೊಣಕೈವರೆಗೆ ಮೆಣಸಿನಕಾಯಿ ಹಚ್ಚಿದ ಹಾಗೆ ಉರಿದು ತಣ್ಣಗಾಯಿತು. "ಅಣ್ಣ, ಕೈ ಬಿಗಿ ಹಿಡೀಬೇಡಿ, ಸಡ್ಲ ಬಿಡಿ" ಎಂದಳು ನರ್ಸು. ಅಲ್ಲಿಂದ ಮುಂದೆ ಕೊಳವೆ ತೋಳು, ಭುಜ ದಾಟಿ ಎದೆಗೆ ಹೋದದ್ದು ಗೊತ್ತೇ ಆಗಲಿಲ್ಲ.

1929ರಲ್ಲಿ ವೆರ್ನರ್ ಫೋರ್ಸ್‌ಮನ್ ಎಂಬ ಜರ್ಮನಿಯ ಎಳೆಯ ಡಾಕ್ಟರು ತನ್ನದೇ ತೋಳಿನಿಂದ ಹೃದಯದವರೆಗೆ ಕೊಳವೆ ತೂರಿಸಿಕೊಂಡು, ಹಾಗೇ ನಡೆದುಹೋಗಿ ಎಕ್ಸ್‌ರೇ ತೆಗೆಸಿಕೊಂಡಿದ್ದನಂತೆ. 1956ರಲ್ಲಿ ಅದಕ್ಕೆ ನೊಬೆಲ್ ಬಂತು. ಇದನ್ನು ಮೊದಲೇ ಓದಿದ್ದರೆ ನಾನು ಹಿಂದಿನ ರಾತ್ರಿ ಅಷ್ಟು ಹೆದರುತ್ತಿರಲಿಲ್ಲವೇನೋ.

ಎಕ್ಸ್‌ರೇಯಲ್ಲಿ ಕಾಣುವ ದ್ರವ ಬಿಟ್ಟಾಗ ಪರದೆಯ ಮೇಲೆ ಕಪ್ಪು ಕವಲುಗಳು ಮೂಡಿ, ಎರಡು ಬಡಿತದಲ್ಲಿ ಮಾಸಿಹೋದವು. ಎಲೆ ಉದುರಿದ ಹುಣಸೆಮರ ಗಾಳಿಗೆ ಅಲ್ಲಾಡಿದ ಹಾಗೆ. ಎಲ್‌ಎಡಿಯ ನಡುವೆ, ಒಂದು ಕವಲು ಒಡೆದ ಸ್ವಲ್ಪ ಕೆಳಗೆ, ಗೆರೆ ದಾರದಷ್ಟು ಸಣ್ಣಗಾಗಿ ಮತ್ತೆ ದಪ್ಪಗಾಗಿತ್ತು. ಯಾರೂ ತೋರಿಸಬೇಕಿರಲಿಲ್ಲ. ನಾಲ್ಕಿಂಚು ಪೈಪಿಗೆ ನಡುವೆ ಒಂದಿಂಚಿನ ರೆಡ್ಯೂಸರ್ ಹಾಕಿದ ಹಾಗೆ ಕಾಣುತ್ತಿತ್ತು. "85 ಪರ್ಸೆಂಟ್ ಐತ್ರಿ," ಎಂದರು ಡಾಕ್ಟರು. ಬಲಗಡೆಯ ನಾಳದಲ್ಲಿ ಇನ್ನೊಂದು, 40. ಹಿಂದಕ್ಕೆ ಸುತ್ತಿ ಹೋಗುವುದರಲ್ಲಿ ಅಲ್ಲಲ್ಲಿ ಸಣ್ಣಪುಟ್ಟ ಉಬ್ಬರ.

ಮಲಗಿದಲ್ಲೇ ಕೇಳಿದೆ. "ಮೇಡಂ, ಆಸಿಡ್ ಬಿಟ್ಟು ತೊಳೆದ ಹಾಗೆ ಏನಾದ್ರೂ ಮಾಡೋಕೆ ಬರಲ್ವಾ?"

ಒಳಗಿದ್ದವರೆಲ್ಲ ನಕ್ಕರು. ಅವರು ಮಾತ್ರ ಗಂಭೀರವಾಗಿಯೇ ಹೇಳಿದರು. "ಕಸ ಪೈಪಿನ ಒಳಗ ಇಲ್ರಿ ಸರ್. ಗೋಡೆ ಒಳಗ ಐತಿ. ಇದು ಕಿಲುಬಲ್ಲ, ಕುರು ಅನ್ಕೋರಿ."

ಕುರು. ಆ ಒಂದು ಮಾತು ನನ್ನ ತಲೆಯಲ್ಲಿದ್ದ ಚಿತ್ರವನ್ನೆಲ್ಲ ಬದಲಿಸಿತು. ಮಾರನೆಯ ದಿನ ವಾರ್ಡಿನಲ್ಲಿ ಅವರು ಬಿಡಿಸಿ ಹೇಳಿದ್ದನ್ನೂ ಸೇರಿಸಿ ಬರೆಯುತ್ತೇನೆ.

ನಾಳದ ಒಳಮೈಗೆ ಒಂದೇ ಪದರ ಕೋಶಗಳ ನುಣುಪು ಚರ್ಮವಿದೆ. ಅದು ಸುಮ್ಮನೆ ಹಾಸಿದ ಹಾಳೆಯಲ್ಲ. ನೈಟ್ರಿಕ್ ಆಕ್ಸೈಡ್ ಎಂಬ ಅನಿಲ ಬಿಟ್ಟು ನಾಳವನ್ನು ಸಡಿಲಗೊಳಿಸುತ್ತದೆ, ರಕ್ತ ಹೆಪ್ಪುಗಟ್ಟದ ಹಾಗೆ ನೋಡಿಕೊಳ್ಳುತ್ತದೆ. ಬೀಡಿ, ಸಿಗರೇಟಿನ ಹೊಗೆ, ಸಕ್ಕರೆ ಕಾಯಿಲೆ, ಜೋರು ಬಿಪಿ, ಇವೆಲ್ಲ ಮೊದಲು ಕೆಡಿಸುವುದು ಈ ಚರ್ಮವನ್ನೇ. ಕವಲು, ತಿರುವುಗಳಲ್ಲಿ ಹರಿವು ನೇರವಾಗಿಲ್ಲದೆ ಸುಳಿಯುತ್ತದೆ. ಅಲ್ಲಿ ಈ ಚರ್ಮ ಮೊದಲೇ ಸೂಕ್ಷ್ಮ. ನಮ್ಮಲ್ಲೂ ಮರಳು ಕೂರುವುದು ಎಲ್ಬೋ, ಟೀ ಹತ್ತಿರವೇ. ಆದರೆ ಹೋಲಿಕೆ ಇಲ್ಲಿಗೆ ನಿಲ್ಲುತ್ತದೆ. ರಕ್ತದಲ್ಲಿ ಓಡಾಡುವ ಎಲ್‌ಡಿಎಲ್ ಎಂಬ ಕೊಬ್ಬಿನ ಕಣ ಈ ಚರ್ಮದ ಅಡಿಗೆ ನುಸುಳಿ ಗೋಡೆಯೊಳಗೆ ಸಿಕ್ಕಿಕೊಂಡು ಕೆಡುತ್ತದೆ. ಯಾರೋ ಒಳಗೆ ಬಂದಿದ್ದಾರೆ ಎಂದು ಬಿಳಿ ರಕ್ತಕಣಗಳು ಹಿಂದೆಯೇ ನುಗ್ಗುತ್ತವೆ. ಕೊಬ್ಬನ್ನು ನುಂಗುತ್ತವೆ, ನುಂಗಿ ನುಂಗಿ ನೊರೆಯ ಹಾಗೆ ಉಬ್ಬಿ ಅಲ್ಲೇ ಸಾಯುತ್ತವೆ. ಸತ್ತದ್ದನ್ನು ನೋಡಿ ಇನ್ನಷ್ಟು ಕಣಗಳು ಬರುತ್ತವೆ. ಮೇಲೆ ನಾರಿನ ಮುಚ್ಚಳ, ಒಳಗೆ ಗಂಜಿಯಂಥ ಕೊಬ್ಬು. ಇದಕ್ಕೆ ಪ್ಲಾಕ್ ಅನ್ನುತ್ತಾರೆ. ಕುರು ಅಂದದ್ದು ಅದಕ್ಕೇ.

ಇದು ಐವತ್ತಕ್ಕೆ ಶುರುವಾಗುವ ಕಾಯಿಲೆಯೂ ಅಲ್ಲ. ಕೊರಿಯಾ ಯುದ್ಧದಲ್ಲಿ ಸತ್ತ ಅಮೆರಿಕದ ಸೈನಿಕರ ಹೃದಯಗಳನ್ನು ಸೀಳಿ ನೋಡಿ 1953ರಲ್ಲಿ ಬರೆದರು. ಇಪ್ಪತ್ತೆರಡರ ಆಸುಪಾಸಿನ ಗಟ್ಟಿಮುಟ್ಟು ಹುಡುಗರು. ಮುಕ್ಕಾಲು ಪಾಲು ಜನರ ನಾಳಗಳಲ್ಲಿ ಆಗಲೇ ಇದರ ಗುರುತಿತ್ತು. ನನ್ನದು ಯಾವಾಗ ಶುರುವಾಗಿತ್ತೋ. ನನ್ನ ಇಪ್ಪತ್ತೆರಡರಲ್ಲಿ ನಾನು ಬೋರ್‌ವೆಲ್ ಲಾರಿ ಜೊತೆ ಊರೂರು ತಿರುಗುತ್ತಾ ದಿನಕ್ಕೆ ಒಂದು ಪ್ಯಾಕ್ ಸಿಗರೇಟು ಸುಡುತ್ತಿದ್ದೆ.

ಜೀವ ಇರುವ ಗೋಡೆ ಆದ್ದರಿಂದ ಅದು ಇನ್ನೊಂದು ಆಟ ಆಡುತ್ತದೆ. ಕುರು ಬೆಳೆದ ಹಾಗೆ ನಾಳ ಹೊರಕ್ಕೆ ಉಬ್ಬಿಕೊಂಡು ದಾರಿಯನ್ನು ಮೊದಲಿನಷ್ಟೇ ಅಗಲ ಇಟ್ಟುಕೊಳ್ಳುತ್ತದೆ. ಬಹಳ ಕಾಲ ಆಂಜಿಯೋಗ್ರಾಂನಲ್ಲೂ ಕಾಣುವುದಿಲ್ಲ. ಯಾಕೆಂದರೆ ಆಂಜಿಯೋಗ್ರಾಂ ತೋರಿಸುವುದು ನೀರು ಹರಿಯುವ ಜಾಗವನ್ನು, ಪೈಪಿನ ಗೋಡೆಯನ್ನಲ್ಲ. ಹೃದಯಾಘಾತ ಆಗುವುದು ಬಹುಮಟ್ಟಿಗೆ ಕುರು ದೊಡ್ಡದಾಗುತ್ತಾ ಪೂರ್ತಿ ಮುಚ್ಚಿಕೊಳ್ಳುವುದರಿಂದ ಅಲ್ಲ. ತೆಳು ಮುಚ್ಚಳದ ಕುರು ಒಂದು ದಿನ ಒಡೆಯುತ್ತದೆ. ಒಳಗಿನ ಗಂಜಿ ರಕ್ತಕ್ಕೆ ತಾಗುತ್ತದೆ. ಗಾಯವಾಯಿತೆಂದು ರಕ್ತ ಹೆಪ್ಪುಗಟ್ಟಿ, ನಿಮಿಷಗಳಲ್ಲಿ ದಾರಿ ಬಂದ್. ಹಾಗೆ ಒಡೆಯುವವು ಎಷ್ಟೋ ಸಲ ಅರ್ಧದಷ್ಟೂ ಅಡ್ಡವಾಗಿರದ ಕುರುಗಳು. ಹಿಂದಿನ ವಾರ ಟಿಎಂಟಿ ಪಾಸಾದವನು ಈ ವಾರ ಕುಸಿಯುವುದು ಹೀಗೆ. ನಮ್ಮ ಜಿಲ್ಲೆಯಲ್ಲಿ ಜುಲೈಯಿಡೀ ಜನ ಕೇಳುತ್ತಿದ್ದ "ಚೆನ್ನಾಗಿದ್ದವನು ಹೇಗೆ ಹೋದ?" ಎಂಬ ಪ್ರಶ್ನೆಗೆ ನನಗೆ ಸಿಕ್ಕ ಉತ್ತರ ಇದೊಂದೇ.

ಮತ್ತೆ ಕ್ಯಾಥ್‌ಲ್ಯಾಬಿಗೆ ಬರುತ್ತೇನೆ. ಹೊರಗೆ ಹೋಗಿ ಇವಳ ಹತ್ತಿರವೂ ಮಗಳ ಹತ್ತಿರವೂ ಮಾತಾಡಿ ಬಂದು ಸ್ಟೆಂಟ್, ಅಂದರೆ ನಾಳವನ್ನು ತೆರೆದಿಡುವ ಜಾಲರಿಯ ಕೊಳವೆ, ಹಾಕುವುದೆಂದು ತೀರ್ಮಾನ ಮಾಡಿದರು. ಅರ್ಧ ಮಿಲಿಮೀಟರಿಗಿಂತಲೂ ಸಣ್ಣ ತಂತಿ ಆ ಸಣ್ಣ ಸಂದಿನಲ್ಲಿ ದಾಟಿಸಿದರು. ತಂತಿಯ ಮೇಲೆ ಮಡಿಸಿಟ್ಟ ಬಲೂನು. "ಈಗ ಬಲೂನ್ ಉಬ್ಬಿಸ್ತೀನ್ರಿ, ಸ್ವಲ್ಪ ಎದಿ ಹಿಡದಂಗ ಆಗ್ತೈತಿ, ಇಪ್ಪತ್ತು ಸೆಕೆಂಡ್." ಯಾರೋ ಎಣಿಸಲು ಶುರುಮಾಡಿದರು. ಎಂಟೋ ಒಂಬತ್ತೋ ಎಣಿಸುವಷ್ಟರಲ್ಲಿ ಬಂತು. ಎದೆಯಲ್ಲ, ಹಲ್ಲು. ಮೇ ತಿಂಗಳ ಅದೇ ಹಲ್ಲು, ಕೆಳಸಾಲು, ಎಡಗಡೆ. ಆಮೇಲೆ ಎದೆಯ ಮೇಲೆ ಮೂಟೆ. ನಾನು ಅಲ್ಲಾಡದೆ ಮಲಗಿದ್ದೆ, ಬೆಟ್ಟವಿಲ್ಲ, ಏರಿಲ್ಲ, ಊಟವಾಗಿಲ್ಲ. ಆ ಒಂದು ನಾಳವನ್ನು ಮುಚ್ಚಿದ್ದರು, ಅಷ್ಟೇ. ಬಲೂನು ಇಳಿಸಿದರು. ನಾಲ್ಕು ಸಲ ಉಸಿರಾಡುವಷ್ಟರಲ್ಲಿ ಹಲ್ಲು ಬಿಟ್ಟಿತು. ಅವರು ಹೇಳಿದ ಶರೀರಶಾಸ್ತ್ರವನ್ನೆಲ್ಲ ನಾನು ನಂಬಿದ್ದು ಆ ಇಪ್ಪತ್ತು ಸೆಕೆಂಡಿನಲ್ಲಿ.

ಇಂಥ ಬಲೂನನ್ನು ಮನುಷ್ಯರ ಕರೋನರಿ ನಾಳದಲ್ಲಿ ಹೀಗೆ ಮೊದಲು ಉಬ್ಬಿಸಿದ್ದು ಆಂಡ್ರಿಯಾಸ್ ಗ್ರುಂಟ್‌ಜಿಗ್, ಜೂರಿಕ್‌ನಲ್ಲಿ, 1977ರ ಸೆಪ್ಟೆಂಬರ್ 16ರಂದು. ನನಗೆ ಹಾಕಿದ ಸ್ಟೆಂಟು 3 ಮಿಲಿಮೀಟರ್ ಅಗಲ, 28 ಉದ್ದ. ಕೋಬಾಲ್ಟ್ ಕ್ರೋಮಿಯಂ ಲೋಹದ ಜಾಲರಿ. ಅದನ್ನು ಗೋಡೆಗೆ ಒತ್ತಿ ಕೂರಿಸಲು 14 ಅಟ್ಮಾಸ್ಫಿಯರ್ ಒತ್ತಡ ಕೊಟ್ಟರು. ಕಾರಿನ ಟೈರಿಗೆ ಎರಡು ಚಿಲ್ಲರೆ ಸಾಕು. ನನ್ನ ಅಂಗಡಿಯ 10 ಕೆ.ಜಿ. ಒತ್ತಡದ ಪೈಪು ಇದನ್ನು ತಾಳುವ ಭರವಸೆ ನಾನು ಕೊಡಲಾರೆ. ಜಾಲರಿಗೆ ಸಿರೋಲಿಮಸ್ ಎಂಬ ಔಷಧಿ ಲೇಪಿಸಿರುತ್ತಾರೆ, ಗಾಯ ಮಾಯುವ ಭರದಲ್ಲಿ ಗೋಡೆಯ ಕೋಶಗಳು ಬೆಳೆದು ಮತ್ತೆ ದಾರಿ ಮುಚ್ಚದಿರಲಿ ಎಂದು. ಆ ಔಷಧಿ ಮೊದಲು ಸಿಕ್ಕಿದ್ದು ಪೆಸಿಫಿಕ್ ಸಾಗರದ ಈಸ್ಟರ್ ದ್ವೀಪದ ಮಣ್ಣಿನ ಒಂದು ಬ್ಯಾಕ್ಟೀರಿಯಾದಲ್ಲಿ. ಖರ್ಚಿನ ಬಗ್ಗೆ ಜಾಸ್ತಿ ಹೇಳುವುದಿಲ್ಲ. 2017ರಲ್ಲಿ ಕೇಂದ್ರ ಸರ್ಕಾರ ಇಂಥ ಸ್ಟೆಂಟಿಗೆ 29,600 ರೂಪಾಯಿ ಮಿತಿ ಹಾಕದಿದ್ದರೆ ನನ್ನ ಬಿಲ್ಲು ಇನ್ನೂ ಉದ್ದವಾಗುತ್ತಿತ್ತು.

ಮಾರನೆಯ ಬೆಳಿಗ್ಗೆ ಮಣಿಕಟ್ಟಿಗೆ ಸಣ್ಣ ಪಟ್ಟಿ ಮಾತ್ರ ಉಳಿದಿತ್ತು. ಇನ್ನು ಮುಗಿಯಿತಲ್ಲ ಎಂದೆ. ಡಾಕ್ಟರು ಕುರ್ಚಿ ಎಳೆದುಕೊಂಡು ಕೂತರು. ಒಂದು ಕಡೆ ದಾರಿ ಅಗಲ ಮಾಡಿದ್ದೇವೆ, ನಿಮ್ಮ ಬಿಗಿತ ಹೋಗುತ್ತದೆ, ಆದರೆ ಕಾಯಿಲೆ ಮೂರೂ ನಾಳದಲ್ಲಿದೆ ಎಂದರು. ನನ್ನ ಹಾಗೆ ನಡೆದಾಗ ಮಾತ್ರ ನೋವು ಬರುವವರಿಗೆ ಸ್ಟೆಂಟು ನೋವು ತಗ್ಗಿಸುತ್ತದೆಯೇ ಹೊರತು, ಮಾತ್ರೆಗಿಂತ ಜಾಸ್ತಿ ಆಯಸ್ಸು ಕೊಡುತ್ತದೆ ಎಂದು ಸಾಬೀತಾಗಿಲ್ಲ. ಇಸ್ಕೀಮಿಯಾ ಎಂಬ ಹೆಸರಿನಲ್ಲಿ ಐದು ಸಾವಿರಕ್ಕೂ ಹೆಚ್ಚು ರೋಗಿಗಳ ಮೇಲೆ ನಡೆದ ಅಧ್ಯಯನ 2020ರಲ್ಲಿ ಹೇಳಿದ್ದು ಅದನ್ನೇ. ಹೃದಯಾಘಾತ ನಡೆಯುತ್ತಿರುವಾಗಲೇ ಬಂದವರ ಕಥೆ ಬೇರೆ. ಅವರಿಗೆ ಆ ಕ್ಷಣ ನಾಳ ತೆರೆಯುವುದು ಜೀವದ ಪ್ರಶ್ನೆ. ಸ್ಟೆಂಟ್ ಹಾಕಿಸಿಕೊಂಡವನಿಗೆ ಮಾರನೆಯ ದಿನವೇ ಇಷ್ಟು ನೇರವಾಗಿ ಹೇಳುವ ಡಾಕ್ಟರು ಎಷ್ಟು ಜನ ಇದ್ದಾರೋ. ನನಗೆ ಅವರ ಮೇಲೆ ಗೌರವ ಹುಟ್ಟಿದ್ದು ಆಗ.

ಆಮೇಲೆ ರಕ್ತದ ವರದಿ ತೆಗೆದರು. ಮೂರು ತಿಂಗಳ ಸಕ್ಕರೆ ಸರಾಸರಿ 7.4. ನನಗೆ ಸಕ್ಕರೆ ಕಾಯಿಲೆ ಇರುವುದೇ ಗೊತ್ತಿರಲಿಲ್ಲ. ಎಲ್‌ಡಿಎಲ್ 132, ಒಳ್ಳೆಯ ಕೊಬ್ಬು ಎಂಬ ಎಚ್‌ಡಿಎಲ್ 33, ಟ್ರೈಗ್ಲಿಸರೈಡ್ 238. ಇನ್ನೊಂದು ಹೆಸರೇ ಕೇಳಿರದ್ದು, ಎಲ್‌ಪಿ ಲಿಟಲ್ ಎ, 84. ಅದು 50 ದಾಟಿದರೆ ಜಾಸ್ತಿ ಅಂತೆ. ಇದು ಅಪ್ಪ ಅಮ್ಮನಿಂದ ಬರುವ ಕೊಬ್ಬಿನ ಕಣ. ಊಟ, ವ್ಯಾಯಾಮದಿಂದ ಹೆಚ್ಚೇನೂ ಇಳಿಯುವುದಿಲ್ಲ.

"ಮನ್ಯಾಗ ಯಾರಿಗಾದ್ರೂ ಹಾರ್ಟಿನ ತ್ರಾಸ ಇತ್ತೇನ್ರಿ?"

ನಮ್ಮಪ್ಪ 56ಕ್ಕೆ ರಾತ್ರಿ ಮಲಗಿದವರು ಬೆಳಿಗ್ಗೆ ಏಳಲಿಲ್ಲ. ಒಳ್ಳೆಯ ಸಾವು ಎಂದು ಊರೆಲ್ಲ ಹೇಳಿತ್ತು. ನಾವೂ ಹಾಗೇ ಹೇಳಿಕೊಂಡು ಬಂದಿದ್ದೆವು.

52 ದೇಶಗಳಲ್ಲಿ ನಡೆದ ಇಂಟರ್‌ಹಾರ್ಟ್ ಎಂಬ ಅಧ್ಯಯನ 2004ರಲ್ಲಿ ಬಂತಂತೆ. ಹೊಗೆಸೊಪ್ಪು, ಕೊಬ್ಬು, ಬಿಪಿ, ಸಕ್ಕರೆ, ಹೊಟ್ಟೆಯ ಬೊಜ್ಜು, ಮನಸ್ಸಿನ ಒತ್ತಡ ಹೀಗೆ ಒಂಬತ್ತೇ ಕಾರಣಗಳಲ್ಲಿ ಮೊದಲ ಹೃದಯಾಘಾತಗಳ 90 ಭಾಗಕ್ಕೂ ಹೆಚ್ಚು ಲೆಕ್ಕ ಸಿಕ್ಕಿಬಿಡುತ್ತದೆ. ನಮ್ಮ ಭಾರತದ ಕಡೆಯವರಿಗೆ ಮೊದಲ ಆಘಾತ ಬರುವ ವಯಸ್ಸು ನಡುಮಟ್ಟದಲ್ಲಿ 53, ಬೇರೆಯವರಿಗಿಂತ ಐದಾರು ವರ್ಷ ಮೊದಲು. ಆ ಒಂಬತ್ತರಲ್ಲಿ ನನ್ನ ಪಾಲಿಗೆ ಐದಾರು ಬಿದ್ದಿದ್ದವು. ಸಿಗರೇಟು ಹತ್ತು ವರ್ಷದ ಹಿಂದೆ ಬಿಟ್ಟಿದ್ದೇನೆ ಎಂದೆ. ಎಲೆಯಡಿಕೆ ಜೊತೆ ಹೊಗೆಸೊಪ್ಪು ಹಿಡಿದದ್ದನ್ನು ಹೇಳಲಿಲ್ಲ. ಪಕ್ಕದಲ್ಲಿದ್ದ ಇವಳು ಹೇಳಿದಳು.

ತೆಂಗಿನ ಬಗ್ಗೆ ಕೇಳಿದ್ದೂ ಇವಳೇ. ಅರಸೀಕೆರೆ ಸೀಮೆಯಲ್ಲಿ ಕಾಯಿ ಇಲ್ಲದೆ ಯಾವ ಅಡುಗೆ? ತೆಂಗಿನೆಣ್ಣೆಯ ಕೊಬ್ಬು ಎಲ್‌ಡಿಎಲ್ ಏರಿಸುತ್ತದೆ, ಒಗ್ಗರಣೆಗೆ ಬೇರೆ ಎಣ್ಣೆ ಇರಲಿ, ಸಾರಿಗೆ ಒಂದು ಹಿಡಿ ಕಾಯಿತುರಿಯಿಂದ ಆಕಾಶ ಬೀಳುವುದಿಲ್ಲ, ತಟ್ಟೆಯ ಅರ್ಧ ತುಂಬುವ ಅನ್ನವನ್ನು ಮೊದಲು ಕಡಿಮೆ ಮಾಡಿ ಎಂದರು.

ಈಗ ಬೆಳಿಗ್ಗೆ, ರಾತ್ರಿ ಸೇರಿ ಏಳು ಮಾತ್ರೆ. ಜಾಲರಿಯ ಮೇಲೆ ಹೆಪ್ಪುಗಟ್ಟದಿರಲು ಎರಡು, ಅವನ್ನು ಡಾಕ್ಟರು ಹೇಳದೆ ಒಂದು ದಿನವೂ ಬಿಡುವಂತಿಲ್ಲ. ಕೊಬ್ಬಿಗೆ ರೋಸುವಾಸ್ಟಾಟಿನ್. ಯಕೃತ್ತು ಕೊಬ್ಬು ತಯಾರಿಸುವುದನ್ನು ಅದು ತಗ್ಗಿಸುತ್ತದೆ. ಆಗ ಯಕೃತ್ತು ತನಗೆ ಬೇಕಾದ್ದನ್ನು ರಕ್ತದಿಂದಲೇ ಎಳೆದುಕೊಳ್ಳುತ್ತದೆ. ಕುರುವಿನ ಮುಚ್ಚಳವೂ ಗಟ್ಟಿಯಾಗುತ್ತದಂತೆ. ಮೂರು ತಿಂಗಳಿಗೆ ಎಲ್‌ಡಿಎಲ್ 61ಕ್ಕೆ ಇಳಿಯಿತು. 55ರ ಒಳಗೆ ಬೇಕು ಎಂದು ಇನ್ನೊಂದು ಮಾತ್ರೆ ಸೇರಿಸಿದರು. ಮಧ್ಯಾಹ್ನ ಊಟವಾದ ಮೇಲೆ ಏರು ಹತ್ತಿ ಅಂಗಡಿಗೆ ಬರುತ್ತೇನೆ, ಹಲ್ಲು ಸುಮ್ಮನಿದೆ. ಬಲಗಡೆಯ 40 ಅಲ್ಲೇ ಇದೆ.

ನನ್ನ ತಮ್ಮನಿಗೆ 46. ತಿಪಟೂರಿನಲ್ಲಿ ಕೊಬ್ಬರಿ ವ್ಯಾಪಾರ. "ನನಗೇನಣ್ಣ ಆಗಿರೋದು, ದಿನಾ ಮೂಟೆ ಎತ್ತೀನಿ" ಎಂದು ನಾಲ್ಕು ತಿಂಗಳು ಜಾರಿಕೊಂಡ. ಕೊನೆಗೆ ಅವನ ಹೆಂಡತಿಯೇ ಖಾಲಿ ಹೊಟ್ಟೆಯಲ್ಲಿ ಲ್ಯಾಬಿಗೆ ಕರೆದುಕೊಂಡು ಹೋದಳು. ಮೊನ್ನೆ ಸಂಜೆ ವರದಿಯ ಫೋಟೋ ಕಳಿಸಿದ್ದಾನೆ. ಸಕ್ಕರೆ ಸರಿಯಾಗಿದೆ. ಎಲ್‌ಪಿ ಲಿಟಲ್ ಎ 97. ಕೆಳಗೆ ಒಂದೇ ಸಾಲು ಬರೆದಿದ್ದ: "ಅಣ್ಣ, ಆ ಹುಬ್ಬಳ್ಳಿ ಮೇಡಂ ಯಾವ ವಾರ ಸಿಗ್ತಾರೆ?"